ಅನ್‌ಸೀನ್ ಸಿನೆಮಾ ಡಿವಿಡಿ ಸೆಟ್, ಎರಡನೇ ಡಿಸ್ಕ್: ನೋಡಿ, ಆದ್ರೆ ಹಣೆಪಟ್ಟಿ ನಂಬ್ಬೇಡಿ

2005ರಲ್ಲಿ ಬಂದ ‘ಅನ್‌ಸೀನ್ ಸಿನೆಮಾ’ ಅಂತ ಏಳು ಡಿವಿಡಿ ಸೆಟ್ ಇದೆ, ಬ್ರೂಸ್ ಪೋಸ್ನರ್ ಆರಿಸಿ ಜೋಡಿಸಿದ್ದು, 1894ರಿಂದ 1941ರವರೆಗಿನ ಅಮೆರಿಕದ ಪ್ರಯೋಗದ ಸಿನೆಮಾಗಳು. ಅದರಲ್ಲಿ ಸರ್ರಿಯಲಿಸಂ (ಕನಸು, ಮನಸ್ಸಿನ ಆಳ ಹಿಡಿದು ಮಾಡೋ ಕಲೆ) ಅಂತ ಹಣೆಪಟ್ಟಿ ಹಚ್ಚಿರೋ ಎರಡನೇ ಡಿಸ್ಕ್ ಬಗ್ಗೆ ಮಾತ್ರ ಬರೀತಿದೀನಿ. ತೀರ್ಥಹಳ್ಳಿಲಿ ಜೋರು ಮಳೆ ಹಿಡೀತು ಅಂದ್ರೆ ನೆಟ್ ನಂಬ್ಕೊಂಡು ಕೂರೋಕಾಗಲ್ಲ, ಕರೆಂಟ್ ಇದ್ದಾಗ ಡಿಸ್ಕ್ ಹಾಕ್ಕೊಂಡು ನೋಡೋದೇ ಸೈ. ಈಗಿನ ಹೆಚ್ಚಿನ ಲ್ಯಾಪ್‌ಟಾಪಲ್ಲಿ ಡಿವಿಡಿ ಡ್ರೈವ್ ಇರಲ್ಲ, ಹೊರಗಿಂದ ಹಾಕೋ ಯುಎಸ್‌ಬಿ ಡಿವಿಡಿ ಡ್ರೈವ್ ಬೇಕಾಗುತ್ತೆ, ಶಿವಮೊಗ್ಗಕ್ಕೆ ಹೋದಾಗ ತಗೊಂಡ್ಬನ್ನಿ.

ನನ್ನ ತಕರಾರು ಆ ಹಣೆಪಟ್ಟಿ ಮೇಲೆ. ಪ್ಯಾರಿಸ್ಸಲ್ಲಿ ಕವಿ ಆಂದ್ರೆ ಬ್ರೆತೋ ಸರ್ರಿಯಲಿಸಂ ಪ್ರಣಾಳಿಕೆ ಬರ್ದಿದ್ದೇ 1924ರಲ್ಲಿ, ಇಲ್ಲಿ ನೋಡಿದ್ರೆ 1906ರ ‘ಡ್ರೀಮ್ ಆಫ್ ಎ ರೇರ್‌ಬಿಟ್ ಫೀಂಡ್’ ಇದೆ, ಎಡಿಸನ್ ಕಂಪನಿಗೆ ಎಡ್ವಿನ್ ಪೋರ್ಟರ್ ಮಾಡಿದ್ದು. ಒಬ್ಬ ಗಡದ್ದಾಗಿ ಚೀಸ್ ತಿಂದು ಕುಡಿದು ಮಲಗ್ತಾನೆ, ಪುಟಾಣಿ ಸೈತಾನಗಳು ಬಂದು ತಲೆ ಕುಟ್ತಾವೆ, ಆಮೇಲೆ ಮಂಚನೇ ಹಾರ್ಕೊಂಡು ಊರ ಮೇಲೆ ಹೋಗುತ್ತೆ. ಪಕ್ಕದಲ್ಲಿ ಕೂತಿದ್ದ ನಮ್ಮತ್ತೆ, ‘ರಾತ್ರಿ ಹಲಸಿನ ಹಣ್ಣಿನ ಕಡುಬು ಜಾಸ್ತಿ ಆದ್ರೆ ನಂಗೂ ಹಿಂಗೇ ಮಾರಾಯ’ ಅಂದ್ರು. ಸರಿಯಾದ ವಿಮರ್ಶೆ ಅದು! ವಿನ್ಸರ್ ಮೆಕೇ ಅವರ ಪೇಪರ್ ಕಾಮಿಕ್ಸ್ ನೋಡಿ ಜನ ನಗ್ಲಿ ಅಂತ ಮಾಡಿದ್ದು, ಮನಸ್ಸಿನ ಆಳ ಗೀಳ ಎಂತದೂ ಇಲ್ಲ. 1908ರ ‘ದಿ ಥೀವಿಂಗ್ ಹ್ಯಾಂಡ್’ ಕೂಡ ಹಂಗೇ, ಒಂದು ಕೈ ಇಲ್ಲದ ಬಡವನಿಗೆ ಕೊಡ್ಸಿದ ಕೃತಕ ಕೈ ತಾನಾಗೇ ಕದಿಯೋಕೆ ಶುರು ಮಾಡುತ್ತೆ.

ಡಿಸ್ಕ್‌ನ ನಿಜವಾದ ಮಾಲು ಅಂದ್ರೆ 1928ರದ್ದು. ‘ದಿ ಲೈಫ್ ಅಂಡ್ ಡೆತ್ ಆಫ್ 9413, ಎ ಹಾಲಿವುಡ್ ಎಕ್ಸ್‌ಟ್ರಾ’, ರಾಬರ್ಟ್ ಫ್ಲೋರಿ ಮತ್ತೆ ಸ್ಲಾವ್ಕೋ ವೊರ್ಕಾಪಿಚ್ ಮಾಡಿದ್ದು, ಖರ್ಚು ಬರೀ 97 ಡಾಲರ್ ಅಂತೆ. ಹೀರೋ ಆಗ್ಬೇಕು ಅಂತ ಬಂದವನ ಹಣೆ ಮೇಲೆ ನಂಬರ್ ಬರೀತಾರೆ, ಅಲ್ಲಿಂದ ಅವನು ಮನುಷ್ಯನೇ ಅಲ್ಲ, 9413 ಅಷ್ಟೆ, ಸತ್ತು ಸ್ವರ್ಗಕ್ಕೆ ಹೋದ್ಮೇಲೇ ಆ ನಂಬರ್ ಒರೆಸೋದು. ರಟ್ಟು, ಡಬ್ಬ ಅಂತ ಕೈಗೆ ಸಿಕ್ಕಿದ್ದನ್ನೇ ನಿಲ್ಲಿಸಿ ದೀಪ ಆಚೆ ಈಚೆ ಆಡ್ಸಿ ಒಂದಿಡೀ ನಗರ ಕಟ್ಟಿದಾರೆ, ಅದು ಭ್ರಮೆ ಅಂತ ಗೊತ್ತಿದ್ರೂ ಎದೆ ಭಾರ ಆಗುತ್ತೆ. ಕ್ಯಾಮೆರಾ ಹಿಡಿದೋರಲ್ಲಿ ಗ್ರೆಗ್ ಟೋಲಂಡ್ ಇದ್ರು, ಮುಂದೆ ಆರ್ಸನ್ ವೆಲ್ಸ್ ನಿರ್ದೇಶನದ ಹೆಸರಾಂತ ‘ಸಿಟಿಜನ್ ಕೇನ್’ (1941) ಶೂಟ್ ಮಾಡಿದ್ದು ಅವ್ರೇ.

ಅದೇ ವರ್ಷದ್ದು ‘ದಿ ಫಾಲ್ ಆಫ್ ದಿ ಹೌಸ್ ಆಫ್ ಅಶರ್’, ನ್ಯೂಯಾರ್ಕ್ ರಾಜ್ಯದ ರೋಚೆಸ್ಟರ್‌ನಲ್ಲಿ ವಾಟ್ಸನ್, ವೆಬ್ಬರ್ ಅನ್ನೋರು ತೆಗ್ದಿದ್ದು. ಎಡ್ಗರ್ ಅಲನ್ ಪೋ ಬರೆದ ಮೂಲ ಕತೆ ಮೊದ್ಲೇ ಓದ್ಕೊಂಡು ಕೂತ್ಕೊಳಿ, ಇಲ್ಲಾಂದ್ರೆ ತಲೆಬುಡ ತಿಳಿಯಲ್ಲ, ಮಧ್ಯೆ ವಿವರಣೆ ಬರಹ ಹಾಕಿಲ್ಲ. ಆದ್ರೆ ಪ್ರಿಸಂ ಇಟ್ಟು ಒಡೆದ ಮುಖಗಳು, ಮೆಟ್ಟಿಲುಗಳು, ಗಾಳಿಲಿ ತೇಲೋ ಅಕ್ಷರಗಳು, ಅಬ್ಬಾ, ಅತ್ತೆ ಎದ್ದು ಹೋದ್ರು, ನಾನು ಎರಡು ಸಲ ನೋಡ್ದೆ.

ಅದೇ ಆರ್ಸನ್ ವೆಲ್ಸ್ 19ನೇ ವಯಸ್ಸಲ್ಲಿ ಗೆಳೆಯನ ಜೊತೆ ಮಾಡಿದ ‘ಹಾರ್ಟ್ಸ್ ಆಫ್ ಏಜ್’ (1934) ಇದೆ. ಅದು ತಮಾಷೆಗೆ ಮಾಡಿದ್ದು ಅಂತ ಮುಂದೆ ಅವ್ರೇ ಹೇಳಿದಾರೆ, ಅಂದ್ರೆ ಸರ್ರಿಯಲಿಸ್ಟ್‌ಗಳನ್ನ ಅಣಕಿಸಿದ್ದನ್ನೂ ಸರ್ರಿಯಲಿಸಂ ಲೆಕ್ಕಕ್ಕೇ ಸೇರ್ಸಿಬಿಟ್ಟಿದಾರೆ.

1906, 1908ರವಕ್ಕೆ ಕಾಪಿರೈಟ್ ಮುಗಿದಿದೆ, ಅವು ನೆಟ್ಟಲ್ಲಿ ಬಿಟ್ಟಿ ಸಿಗ್ತವೆ, ಅದಕ್ಕೋಸ್ಕರ ಸೆಟ್ ತಗೋಬೇಡಿ. 1928ರ ಆ ಎರಡಕ್ಕೆ ದುಡ್ಡು ಹಾಕೋ ಮನಸ್ಸಿದ್ರೆ ತಗೊಳಿ, ಸೆಕೆಂಡ್ ಹ್ಯಾಂಡ್ ಆದ್ರೂ ಅಡ್ಡಿಲ್ಲ, ಗೀಚು ಬಿದ್ದಿದೆಯಾ ಅಂತ ನೋಡ್ಕೊಂಡ್ರೆ ಸಾಕು.