ವಿದ್ಯಾನಗರದ ಭಾನುವಾರದ ಕ್ಲಾಸು: ಎಂಟು ವಾರ ಹೋಗಿ ಬಂದ ಮೇಲೆ

ಹೋದ ವರ್ಷ ನನ್ನ ಎಂ.ಎ. ಇತಿಹಾಸದ ಒಂದು ಉತ್ತರ ಪತ್ರಿಕೆಯ ಜೆರಾಕ್ಸ್ ತರಿಸಿಕೊಂಡೆ. ನಾನು ಓದುತ್ತಿರುವುದು ದೂರಶಿಕ್ಷಣದಲ್ಲಿ. ಹಗಲೆಲ್ಲ ಬಟ್ಟೆ ಅಂಗಡಿಯಲ್ಲಿ ಲೆಕ್ಕ ಬರೆಯುವ ಕೆಲಸ, ರಾತ್ರಿ ಮಗಳು ಮಲಗಿದ ಮೇಲೆ ಓದು. ಒಂದು ಪ್ರಶ್ನೆಗೆ ಏಳು ಪುಟ ಬರೆದಿದ್ದೆ. 15ಕ್ಕೆ 4 ಬಂದಿತ್ತು. ಎಲ್ಲೂ ಕೆಂಪು ಗೆರೆ ಇಲ್ಲ, ತಪ್ಪು ಅಂತ ಗುರುತಿಲ್ಲ. ಪುಸ್ತಕ ತೆಗೆದು ಒಂದೊಂದೇ ಸಾಲು ಹೋಲಿಸಿ ನೋಡಿದೆ. ಬರೆದದ್ದೆಲ್ಲ ಸರಿಯಾಗೇ ಇತ್ತು. ಆವತ್ತು ರಾತ್ರಿ ಅತ್ತುಬಿಟ್ಟೆ.

ಪ್ರಶ್ನೆ ಇದು: '1881ರ ನಂತರ ಮೈಸೂರು ಸಂಸ್ಥಾನದಲ್ಲಿ ಕೈಗಾರಿಕೆಗಳು ಬೆಳೆದ ಬಗೆಯನ್ನು ವಿಮರ್ಶಿಸಿ.'

ಪಕ್ಕದ ಮನೆ ಅಕ್ಕನ ಮಗ ಕೆಎಎಸ್‌ಗೆ ಓದುತ್ತಾನೆ. ಅವನೇ ಈ ಕ್ಲಾಸಿನ ವಿಷಯ ಹೇಳಿದ್ದು. ದಾವಣಗೆರೆಯ ವಿದ್ಯಾನಗರದಲ್ಲಿ ಒಬ್ಬ ನಿವೃತ್ತ ಉಪನ್ಯಾಸಕರು ತಮ್ಮ ಮನೆಯ ಮಹಡಿ ಮೇಲೆ ಭಾನುವಾರ ಬೆಳಿಗ್ಗೆ 7ರಿಂದ 9.30ರವರೆಗೆ ನಡೆಸುತ್ತಾರೆ. ಹೊರಗೆ ನಾಮಫಲಕ ಇಲ್ಲ, ಕ್ಲಾಸಿಗೆ ಹೆಸರೂ ಇಲ್ಲ. ಎಲ್ಲರೂ ಭಾನುವಾರದ ಕ್ಲಾಸು ಅಂತಾರೆ. ಎಂಟು ವಾರಕ್ಕೆ 1,600 ರೂಪಾಯಿ. ತಮ್ಮ ಹೆಸರು ಎಲ್ಲೂ ಹಾಕಬೇಡಿ ಅಂತ ಸರ್ ಹೇಳಿದ್ದಾರೆ, ಅದಕ್ಕೇ ಹಾಕುತ್ತಿಲ್ಲ.

ಇಲ್ಲಿ ಪಾಠ ಮಾಡುವುದಿಲ್ಲ. ಇದನ್ನು ಮೊದಲೇ ಹೇಳಿಬಿಡುತ್ತೇನೆ, ಯಾಕಂದ್ರೆ ನಮ್ಮ ಬ್ಯಾಚಿನಲ್ಲಿ ನಾಲ್ಕು ಜನ ನೋಟ್ಸ್ ಸಿಗುತ್ತೆ ಅಂತ ಬಂದು ಎರಡನೇ ವಾರಕ್ಕೇ ಬಿಟ್ಟು ಹೋದರು. ಇತಿಹಾಸ, ಅರ್ಥಶಾಸ್ತ್ರ, ಯಾವ ವಿಷಯವೇ ಆಗಲಿ, ಅದನ್ನು ನೀವೇ ಓದಿಕೊಂಡು ಬರಬೇಕು. ಸರ್ ಕಲಿಸುವುದು ಒಂದೇ: ಪ್ರಶ್ನೆ ನಿಮ್ಮಿಂದ ಏನು ಕೇಳುತ್ತಿದೆ ಅನ್ನುವುದನ್ನು ತಿಳಿಯುವುದು.

ಮೊದಲ ದಿನ ನನ್ನ ಜೆರಾಕ್ಸ್ ತೆಗೆದುಕೊಂಡು ಏಳೂ ಪುಟ ಓದಿದರು. ನಾನು ಎದುರಿಗೇ ಕೂತಿದ್ದೆ. ಹಸಿರು ಪೆನ್ನಿನಲ್ಲಿ ಮೊದಲ ಎರಡು ಪುಟಕ್ಕೆ ಉದ್ದಕ್ಕೆ ಗೆರೆ ಎಳೆದು ಅಂಚಿನಲ್ಲಿ ಬರೆದರು: 'ಸರಿ. ಆದರೆ ಕೇಳಿಲ್ಲ.' ಆ ಎರಡು ಪುಟದಲ್ಲಿ ನಾನು ಟಿಪ್ಪು ಕಾಲದ ರೇಷ್ಮೆಯಿಂದ ಶುರು ಮಾಡಿದ್ದೆ. ಪ್ರಶ್ನೆಯಲ್ಲಿ 1881ರ ನಂತರ ಅಂತ ಇದೆ. ಬ್ರಿಟಿಷರು ಆಡಳಿತವನ್ನು ಒಡೆಯರಿಗೆ ವಾಪಸು ಕೊಟ್ಟ ವರ್ಷ ಅದು, ಅಲ್ಲಿಂದಲೇ ಶುರು ಆಗಬೇಕಿತ್ತು. ಉಳಿದ ಐದು ಪುಟದಲ್ಲಿ 1902ರ ಶಿವನಸಮುದ್ರದ ವಿದ್ಯುತ್ತು, 1912ರಿಂದ 1918ರವರೆಗೆ ವಿಶ್ವೇಶ್ವರಯ್ಯನವರ ದಿವಾನಗಿರಿ, ಸೋಪಿನ ಕಾರ್ಖಾನೆ, ಭದ್ರಾವತಿಯ ಕಬ್ಬಿಣ, ಎಲ್ಲ ಇತ್ತು. ಸರ್ ಹೇಳಿದರು, "ಇದು ಪಟ್ಟಿ ಅಮ್ಮ. ನಿಮ್ಮನ್ನು ವಿಮರ್ಶಿಸಿ ಅಂದಿದ್ದಾರೆ. ನಿಮ್ಮ ತೀರ್ಮಾನ ಎಲ್ಲಿದೆ?"

"ನನ್ನ ತೀರ್ಮಾನ ಯಾರಿಗೆ ಬೇಕು ಸರ್?" ಅಂದೆ. ನಿಜವಾಗಲೂ ನನಗೆ ಹಾಗೇ ಅನಿಸಿತ್ತು. ಶಾಲೆಯಲ್ಲಿ, ಕಾಲೇಜಿನಲ್ಲಿ ಯಾರೂ ನನ್ನ ತೀರ್ಮಾನ ಕೇಳಿದ್ದಿಲ್ಲ.

"ಕೇಳಿರೋದೇ ಅದನ್ನ," ಅಂದರು.

ನನ್ನ 1,600 ರೂಪಾಯಿ ಅಲ್ಲಿಗೇ ವಸೂಲಾಯಿತು ಅಂತ ಈಗ ಅನಿಸುತ್ತೆ.

ಮೊದಲ ಮೂರು ವಾರ ಉತ್ತರ ಬರೆಯಲು ಬಿಡುವುದಿಲ್ಲ. ಹಳೇ ಪ್ರಶ್ನೆ ಪತ್ರಿಕೆಗಳನ್ನು ಕೊಟ್ಟು ಬರೀ ಪ್ರಶ್ನೆ ಓದಿಸುತ್ತಾರೆ. ಕೊನೆಯ ಪದಕ್ಕೆ ಸುತ್ತು ಹಾಕಬೇಕು. ವಿಷಯಕ್ಕೆ ಅಡಿಗೆರೆ. ಎಲ್ಲಿಂದ ಎಲ್ಲಿವರೆಗೆ ಅನ್ನುವ ಮಾತಿಗೆ, ಅಂದ್ರೆ ಇಸವಿ, ಊರು, 'ಗ್ರಾಮೀಣ ಮಹಿಳೆಯರಲ್ಲಿ' ಅನ್ನುವಂಥದ್ದಕ್ಕೆ, ಚೌಕಟ್ಟು. ಆಮೇಲೆ ಪ್ರಶ್ನೆಯನ್ನು ನಮ್ಮದೇ ಮಾತಿನಲ್ಲಿ ಪಕ್ಕದವರಿಗೆ ಹೇಳಬೇಕು. ಹೇಳಲು ಬರಲಿಲ್ಲ ಅಂದ್ರೆ ಪ್ರಶ್ನೆ ಅರ್ಥ ಆಗಿಲ್ಲ ಅಂತಲೇ ಲೆಕ್ಕ.

ಕೊನೆಯ ಪದಕ್ಕೇ ಯಾಕೆ ಸುತ್ತು ಅಂತ ಒಬ್ಬ ಹುಡುಗ ಕೇಳಿದ. ಸರ್ ಹೇಳಿದ್ದು ನನಗೆ ಬಹಳ ಹಿಡಿಸಿತು. ಕನ್ನಡದಲ್ಲಿ ಕ್ರಿಯಾಪದ ಬರುವುದೇ ಕೊನೆಗೆ. ಇಂಗ್ಲಿಷ್ ಪ್ರಶ್ನೆಯಲ್ಲಿ 'ಡಿಸ್ಕಸ್' ಅನ್ನುವುದು ಸಾಮಾನ್ಯವಾಗಿ ಮೊದಲೇ ಕಣ್ಣಿಗೆ ಬೀಳುತ್ತೆ. ನಮಗೆ ಮೊದಲು ಸಿಗುವುದು ವಿಷಯ. 'ಮೈಸೂರು ಸಂಸ್ಥಾನ, ಕೈಗಾರಿಕೆ' ಅಂತ ಕಂಡ ಕೂಡಲೇ ಗೊತ್ತಿರುವುದೆಲ್ಲ ತಲೆಗೆ ಬಂದುಬಿಡುತ್ತೆ, ಕೈ ಬರೆಯೋಕೆ ಶುರು ಮಾಡುತ್ತೆ. ಕೊನೆಯ ಪದದ ತನಕ ಕಣ್ಣು ಹೋಗುವುದೇ ಇಲ್ಲ. ಹೋದರೂ ವಿವರಿಸಿ, ವಿಶ್ಲೇಷಿಸಿ, ವಿಮರ್ಶಿಸಿ ಮೂರೂ 'ವಿ'ಯಿಂದ ಶುರು, 'ಸಿ'ಯಲ್ಲಿ ಮುಗಿತಾವೆ. ಅವಸರದಲ್ಲಿ ಮೂರೂ ಒಂದೇ ಥರ ಕಾಣುತ್ತವೆ. ನಾನು ಇಷ್ಟು ವರ್ಷ ಮೂರಕ್ಕೂ ಒಂದೇ ಥರ ಬರೆದಿದ್ದೇನೆ.

ನಾಲ್ಕನೇ ವಾರ ಚಿತ್ರದುರ್ಗದ ಕೋಟೆ ತೆಗೆದುಕೊಂಡರು. ಎಲ್ಲರೂ ನೋಡಿದ ಜಾಗ ಅಲ್ವಾ. ಕೋಟೆಯ ನೀರು, ಅದೊಂದೇ ವಿಷಯ. ಪದ ಮಾತ್ರ ಬದಲಾಗುತ್ತಾ ಹೋಯಿತು.

ಹೊಂಡಗಳನ್ನು ಹೆಸರಿಸಿ ಅಂದರೆ ಗೋಪಾಲಸ್ವಾಮಿ ಹೊಂಡ, ಅಕ್ಕ-ತಂಗಿ ಹೊಂಡ ಅಂತ ಬರೆದು ಪೆನ್ನು ಕೆಳಗಿಡಬೇಕು. ವಿವರಿಸಿ ಅಂದರೆ ಮಳೆ ನೀರು ಬಂಡೆ ಮೇಲಿಂದ ಹೇಗೆ ಇಳಿದು ಬರುತ್ತೆ, ಮೇಲಿನ ಹೊಂಡ ತುಂಬಿ ಕೆಳಗಿನದಕ್ಕೆ ಹೇಗೆ ಹರಿಯುತ್ತೆ ಅಂತ, ಕೋಟೆ ನೋಡದವರಿಗೂ ತಿಳಿಯುವ ಹಾಗೆ ಬರೆಯಬೇಕು. ವಿಶ್ಲೇಷಿಸಿ ಅಂದರೆ ಬಿಡಿಸಿ ನೋಡುವುದು. ಮಳೆ ಕಡಿಮೆ ಇರುವ ಸೀಮೆ. ನೀರು ಹೀರದ ಕಲ್ಲು. ಶತ್ರು ಸುತ್ತುವರಿದರೆ ತಿಂಗಳುಗಟ್ಟಲೆ ಕೆಳಗಿಳಿಯೋಕೆ ಆಗದ ಜನ. ಈ ಮೂರೂ ಸೇರಿ ಹೊಂಡಗಳು ಅಲ್ಲೇ, ಹಾಗೇ ಯಾಕೆ ಆದವು ಅಂತ ತೋರಿಸಬೇಕು. ಮೌಲ್ಯಮಾಪನ ಮಾಡಿ ಅಂದರೆ ಇನ್ನೂ ಮುಂದೆ ಹೋಗಬೇಕು. ಕೋಟೆಯೊಳಗೆ ನೀರಿತ್ತು, ಆದರೂ 1779ರಲ್ಲಿ ಅದು ಹೈದರನ ಕೈ ಸೇರಿತು. ಹಾಗಾದರೆ ಈ ವ್ಯವಸ್ಥೆ ಕೋಟೆಯನ್ನು ಎಷ್ಟರ ಮಟ್ಟಿಗೆ ಕಾಯಿತು? ಇಲ್ಲಿ ನಿಮ್ಮ ತೀರ್ಮಾನ ಬೇಕು, ಅದಕ್ಕೆ ಆಧಾರವೂ ಬೇಕು.

ಕೊನೆಗೆ ಹೋಲಿಸಿ. ಹೊಂಡಗಳನ್ನು ಹಿರಿಯೂರಿನ ವಾಣಿವಿಲಾಸ ಸಾಗರದ ಜೊತೆ ಹೋಲಿಸಿ ಅಂದರು. ನಾವೆಲ್ಲ ಅರ್ಧ ಪುಟ ಹೊಂಡ, ಅರ್ಧ ಪುಟ ಅಣೆಕಟ್ಟು ಬರೆದೆವು. ಎಲ್ಲರ ಪುಟಕ್ಕೂ ಹಸಿರು ಗೆರೆ ಬಿತ್ತು. ಎರಡನ್ನೂ ಒಂದೇ ಅಳತೆಗೋಲಿನಿಂದ ಅಳೆದರೆ ಮಾತ್ರ ಹೋಲಿಕೆ. ನೀರು ಎಲ್ಲಿಂದ ಬರುತ್ತೆ? ಅಲ್ಲಿ ಬಂಡೆ ಮೇಲಿನ ಮಳೆ, ಇಲ್ಲಿ ವೇದಾವತಿ ನದಿ. ಯಾರಿಗಾಗಿ? ಅಲ್ಲಿ ಕೋಟೆಯೊಳಗಿನ ಜನ, ಇಲ್ಲಿ ಹೊಲ-ತೋಟ. ಹೀಗೆ ಪ್ರತಿ ಸಾಲಿನಲ್ಲೂ ಎರಡೂ ಇರಬೇಕು.

ಆರನೇ ವಾರದ 'ಚರ್ಚಿಸಿ' ಕ್ಲಾಸನ್ನು ನಾನು ಮರೆಯಲಾರೆ. ಪ್ರಶ್ನೆ ಭದ್ರಾ ನದಿಯ ನೀರನ್ನು ಚಿತ್ರದುರ್ಗದ ಕಡೆಯ ಬರದ ಸೀಮೆಗೆ ಒಯ್ಯುವ ಭದ್ರಾ ಮೇಲ್ದಂಡೆ ಯೋಜನೆ ಬಗ್ಗೆ. ಹೊಸದುರ್ಗದ ಕಡೆಯ ಹುಡುಗನೊಬ್ಬ ಎದ್ದು, ನಮ್ಮ ಬರದ ಸೀಮೆಗೆ ಬೇರೆ ದಾರಿಯೇ ಇಲ್ಲ, 2023ರ ಕೇಂದ್ರ ಬಜೆಟ್‌ನಲ್ಲಿ 5,300 ಕೋಟಿ ಕೊಡ್ತೀವಿ ಅಂತ ಹೇಳಿದ್ದಾರೆ, ಬೇಗ ಮುಗಿಸಬೇಕು ಅಂದ. ಮಲೇಬೆನ್ನೂರಿನ ಹುಡುಗಿ ಕೂತಲ್ಲೇ ಉತ್ತರ ಕೊಟ್ಟಳು. "ನಾವು ಭದ್ರಾ ನಾಲೆಯ ಕೊನೇ ಭಾಗದವರು. ಈಗಲೇ ನಮ್ಮ ಗದ್ದೆಗೆ ನೀರು ಬರೋದು ಕಷ್ಟ. ಮೇಲಿಂದಲೇ ತಗೊಂಡ್ರೆ ನಮ್ಮ ಭತ್ತದ ಗತಿ ಏನು?" ಇಬ್ಬರದೂ ಜೋರಾಯಿತು. ಸರ್ ಸುಮ್ನೆ ಕೇಳುತ್ತಾ ಕೂತಿದ್ದರು. ಹತ್ತು ನಿಮಿಷ ಆದ ಮೇಲೆ, "ಈಗ ಅವನ ಮಾತನ್ನ ನೀನು ಬರಿ, ನಿನ್ನ ಮಾತನ್ನ ಅವನು ಬರೀಲಿ. ಇಬ್ಬರದೂ ಸರಿಯಾಗಿ ಬಂದ ಮೇಲೆ ನಿಮಗೇನು ಅನಿಸುತ್ತೆ ಅಂತ ಕೆಳಗೆ ನಾಲ್ಕು ಸಾಲು ಬರೀರಿ. ಚರ್ಚಿಸಿ ಅಂದ್ರೆ ಅಷ್ಟೇ," ಅಂದರು. ಆ ಹುಡುಗಿ ಅವನ ಊರಿನ ಬತ್ತಿದ ಬೋರ್‌ವೆಲ್ ಬಗ್ಗೆ ಬರೆದದ್ದನ್ನು ಗಟ್ಟಿಯಾಗಿ ಓದಿದಳು. ಅವನು ಬರೆದದ್ದಕ್ಕಿಂತ ಚೆನ್ನಾಗಿತ್ತು.

ವಿಮರ್ಶಿಸಿ ಅಂದರೆ ಬೈಯುವುದು ಅಂತ ನಮ್ಮಲ್ಲಿ ಸುಮಾರು ಜನ ತಿಳಿದಿದ್ದರು. ಸರ್ ಅಕ್ಕಸಾಲಿಗರ ಒರೆಗಲ್ಲಿನ ಮಾತು ಹೇಳಿದರು. ಒರೆಗೆ ಹಚ್ಚುವುದು ಚಿನ್ನ ಕೆಟ್ಟದ್ದು ಅಂತ ಹೇಳೋಕಲ್ಲ, ಅದರಲ್ಲಿ ಎಷ್ಟು ಚಿನ್ನ ಇದೆ ಅಂತ ನೋಡೋಕೆ. ಏಳನೇ ವಾರ ನನ್ನ ಹಳೇ ಪ್ರಶ್ನೆಯನ್ನೇ ಮತ್ತೆ ಬರೆದೆ. ಏಳು ಪುಟದ್ದು ಮೂರು ಪುಟಕ್ಕೆ ಇಳಿಯಿತು. ಸಂಸ್ಥಾನವೇ ಹಣ ಹಾಕಿ ಕಾರ್ಖಾನೆ ಕಟ್ಟಿದ್ದು ಆ ಕಾಲಕ್ಕೆ ದೊಡ್ಡ ಕೆಲಸ ಅಂತ ಬರೆದೆ. ಆದರೆ ಶಿವನಸಮುದ್ರದ ವಿದ್ಯುತ್ತು ಮೊದಲು ಹೋಗಿದ್ದು ಬ್ರಿಟಿಷ್ ಕಂಪನಿ ನಡೆಸುತ್ತಿದ್ದ ಕೋಲಾರದ ಚಿನ್ನದ ಗಣಿಗೆ ಅಂತ ಅದರ ಪಕ್ಕದಲ್ಲೇ ಇಟ್ಟೆ. ನಮ್ಮ ದಾವಣಗೆರೆಯ ಹತ್ತಿ ಗಿರಣಿಗಳು ಎದ್ದಿದ್ದು ಊರಿನ ವರ್ತಕರ ಹಣದಿಂದ, ಹಾಗಾಗಿ ಎಲ್ಲವನ್ನೂ ಸಂಸ್ಥಾನದ ಲೆಕ್ಕಕ್ಕೇ ಬರೆಯೋಕೆ ಆಗಲ್ಲ ಅಂತಲೂ ಸೇರಿಸಿದೆ. ಗಿರಣಿಯ ಸಾಲಿನ ಪಕ್ಕ ಸರ್ ಹಸಿರಿನಲ್ಲಿ 'ಇದನ್ನೇ ಕೇಳಿದ್ದು' ಅಂತ ಬರೆದರು. ಆ ಹಾಳೆಯನ್ನು ಎತ್ತಿಟ್ಟುಕೊಂಡಿದ್ದೇನೆ.

ಕುಂದುಕೊರತೆಗಳೂ ಇವೆ. ಹಾಲ್ ಚಿಕ್ಕದು. 28 ಜನ ಕೂತರೆ ಹಿಂದಿನವರಿಗೆ ಬೋರ್ಡ್ ಕಾಣುವುದಿಲ್ಲ, ಏಪ್ರಿಲ್‌ನಲ್ಲಿ ಎಂಟು ಗಂಟೆಗೇ ಸೆಕೆ ಶುರು. ತಿದ್ದಿದ ಹಾಳೆ ಕೈಗೆ ಬರಲು ಒಮ್ಮೊಮ್ಮೆ ಎರಡು ವಾರ ಆಗುತ್ತೆ, ಅಷ್ಟರಲ್ಲಿ ಅದೇ ತಪ್ಪನ್ನು ಇನ್ನೆರಡು ಸಲ ಮಾಡಿರುತ್ತೇವೆ. ಇದು ಸರಿಯಾಗಲೇಬೇಕು, ಸರ್‌ಗೂ ಹೇಳಿದ್ದೇನೆ. 15 ಜನಕ್ಕೆ ನಿಲ್ಲಿಸಿ ಫೀಸು ಸ್ವಲ್ಪ ಜಾಸ್ತಿ ಮಾಡಿದರೂ ಜನ ಬರುತ್ತಾರೆ. ಇಂಗ್ಲಿಷ್ ಮಾಧ್ಯಮದವರಿಗೆ ಉದಾಹರಣೆ ಕಡಿಮೆ. ಎರಡೂ ಭಾಷೆಯ ಪತ್ರಿಕೆಗಳಲ್ಲಿ 'ಕಾಮೆಂಟ್', ಅಂದ್ರೆ ನಿಮ್ಮ ಅಭಿಪ್ರಾಯ ಹೇಳಿ ಅನ್ನುವುದು, ಕನ್ನಡದಲ್ಲಿ 'ಟಿಪ್ಪಣಿ' ಅಂತ ಬಂದು ಕಿರುಟಿಪ್ಪಣಿ ಬರೆದು ಬರುವ ಮಕ್ಕಳಿದ್ದಾರೆ. ಅದರ ಬಗ್ಗೆ ಒಂದು ಪೂರ್ತಿ ಕ್ಲಾಸು ಬೇಕಿತ್ತು, ಹತ್ತು ನಿಮಿಷದಲ್ಲಿ ಮುಗಿಯಿತು. ಗಾಡಿ ನಿಲ್ಲಿಸಲು ಜಾಗದ ತೊಂದರೆ ಇದೆ.

ಯುಪಿಎಸ್‌ಸಿ ಬರೆಯುವವರಿಗೆ ಒಂದು ಮಾತು. ಅಲ್ಲಿ ಸಾಮಾನ್ಯ ಅಧ್ಯಯನದ 10 ಅಂಕಕ್ಕೆ 150 ಪದ, 15 ಅಂಕಕ್ಕೆ 250 ಪದದ ಮಿತಿ. ಸರ್ ಅದಕ್ಕೆ ಗಡಿಯಾರ ಇಟ್ಟು ಬರೆಸುತ್ತಾರೆ, ಆದರೆ ಎರಡೇ ವಾರ. ಅಷ್ಟು ಸಾಲದು, ಅಭ್ಯಾಸ ಮನೆಯಲ್ಲೇ ಆಗಬೇಕು. ಇಂಜಿನಿಯರಿಂಗ್ ಓದುವ ನನ್ನ ಅಕ್ಕನ ಮಗನಿಗೆ ಇದರ ಅಗತ್ಯ ಅಷ್ಟಿಲ್ಲ ಅನಿಸಿತು. ಅವನ ಪ್ರಶ್ನೆ ಪತ್ರಿಕೆಯ ಪಕ್ಕದಲ್ಲಿ ಎಲ್1, ಎಲ್2 ಅಂತ ಮಟ್ಟವನ್ನೇ ಅಚ್ಚು ಹಾಕಿರುತ್ತಾರೆ. ಬೆಂಜಮಿನ್ ಬ್ಲೂಮ್ ಅನ್ನುವವರು 1956ರಲ್ಲಿ ಮಾಡಿದ ಮೆಟ್ಟಿಲುಗಳಿಂದ ಬಂದದ್ದು ಅದು: ನೆನಪಿಡುವುದು ಕೆಳಗೆ, ತೂಗಿ ನೋಡುವುದು ಮೇಲೆ. ನಮ್ಮ ಪತ್ರಿಕೆಗಳಲ್ಲಿ ಆ ಮೆಟ್ಟಿಲನ್ನು ಕೊನೆಯ ಪದದಲ್ಲೇ ಹುಡುಕಿಕೊಳ್ಳಬೇಕು.

ಒಂಬತ್ತನೇ ಕ್ಲಾಸಿನ ನನ್ನ ಮಗಳಿಗೂ ಪೆನ್ಸಿಲಿನಲ್ಲಿ ಸುತ್ತು ಹಾಕುವುದು ಕಲಿಸಿದ್ದೇನೆ. ಕನ್ನಡ ಪತ್ರಿಕೆಯಲ್ಲಿ 'ಸಂದರ್ಭದೊಡನೆ ಸ್ವಾರಸ್ಯ ಬರೆಯಿರಿ' ಅಂತ ಇದ್ದರೆ ಅವಳು ಸಂದರ್ಭ ಬರೆದು ಮುಂದಿನದಕ್ಕೆ ಹೋಗುತ್ತಿದ್ದಳು, ನಾನು ಆ ವಯಸ್ಸಿನಲ್ಲಿ ಮಾಡಿದ ಹಾಗೇ. ಈಗ ಸ್ವಾರಸ್ಯ ಅನ್ನುವ ಪದಕ್ಕೆ ಬೇರೆ ಸುತ್ತು ಹಾಕುತ್ತಾಳೆ. ಆ ಮಾತು ನಿನಗೆ ಯಾಕೆ ಇಷ್ಟ ಆಯ್ತು ಅಂತ ಕೇಳಿದರೆ ಮೊದಮೊದಲು ನಾಚಿಕೊಳ್ಳುತ್ತಿದ್ದಳು.

ಹೋದ ತಿಂಗಳು ಆ ಪತ್ರಿಕೆಯನ್ನು ಮತ್ತೆ ಬರೆದೆ. ಫಲಿತಾಂಶ ಇನ್ನೂ ಬಂದಿಲ್ಲ. ಮೊದಲ ಹತ್ತು ನಿಮಿಷ ಪೆನ್ಸಿಲ್ ಹಿಡಿದು ಪ್ರಶ್ನೆ ಪತ್ರಿಕೆಯನ್ನೇ ನೋಡುತ್ತಿದ್ದೆ. ಮೇಲ್ವಿಚಾರಕರು ಹತ್ತಿರ ಬಂದು, "ಯಾಕಮ್ಮ, ಏನಾದರೂ ತೊಂದರೆಯಾ?" ಅಂತ ಕೇಳಿದರು. "ಓದ್ತಾ ಇದ್ದೀನಿ ಸರ್," ಅಂದೆ.

ಹೊಸ ಬ್ಯಾಚು ಶುರುವಾಗುವುದು ದಸರಾ ರಜೆ ಮುಗಿದ ಮೇಲಿನ ಮೊದಲ ಭಾನುವಾರ. 6.45ಕ್ಕೇ ಹೋದರೆ ಮುಂದಿನ ಸಾಲು ಸಿಗುತ್ತೆ. ನಿಮ್ಮದೇ ಹಳೇ ಉತ್ತರ ಪತ್ರಿಕೆ ಒಂದನ್ನು ತೆಗೆದುಕೊಂಡು ಹೋಗಿ. ಕಡಿಮೆ ಅಂಕ ಬಂದಿರುವುದೇ ಇರಲಿ, ಸರ್ ಮೊದಲು ಕೇಳುವುದೇ ಅದನ್ನು.