ವಾಗ್ದಾನದ ಪೆಟ್ಟಿಗೆ: ಕೊಳ್ಳುವಾಗ ನೋಡಬೇಕಾದ್ದು, ಬಳಸುವಾಗ ಮರೆಯಬಾರದ್ದು

ಡಿಸೆಂಬರ್ ಬಂತೆಂದರೆ ಕ್ರೈಸ್ತ ಪುಸ್ತಕದಂಗಡಿಗಳಲ್ಲಿ ಕ್ಯಾಲೆಂಡರುಗಳ ಪಕ್ಕದಲ್ಲೇ ವಾಗ್ದಾನದ ಪೆಟ್ಟಿಗೆಗಳೂ ಬಂದು ಕೂರುತ್ತವೆ. ಅಂಗೈಯಗಲದ ಡಬ್ಬಿ, ಒಳಗೆ ಒತ್ತಾಗಿ ಜೋಡಿಸಿದ ಚೀಟಿಗಳು, ಒಂದೊಂದರ ಮೇಲೂ ಸತ್ಯವೇದದಿಂದ, ಅಂದರೆ ಬೈಬಲಿನಿಂದ, ದೇವರ ವಾಗ್ದಾನವಿರುವ ಒಂದು ವಚನ. ಕುಟುಂಬ ಪ್ರಾರ್ಥನೆಯ ಹೊತ್ತಿಗೆ ಒಂದನ್ನು ಎಳೆದು ಓದುವುದು ರೂಢಿ. ಕೊಳ್ಳಬಹುದೇ ಎಂದು ಕೇಳಿದರೆ, ಧಾರಾಳವಾಗಿ ಕೊಳ್ಳಿ. ಆದರೆ ಚೀಟಿ ಓದಿ ಹಾಗೇ ಡಬ್ಬಿಗೆ ಹಾಕಿಬಿಡುವವರಿಗೆ ಸಿಗುವುದು ಬಹಳ ಸಲ ಅರ್ಧ ವಚನ, ಅದೂ ಸುಲಭದ ಅರ್ಧ.

ಬೈಬಲಿನ ಇಬ್ರಿಯ ಪುಸ್ತಕದ 13ನೇ ಅಧ್ಯಾಯದ 5ನೇ ವಚನವನ್ನೇ (ಇಬ್ರಿಯ 13:5) ತೆಗೆದುಕೊಳ್ಳಿ. ನಿನ್ನನ್ನು ಎಂದಿಗೂ ಕೈಬಿಡುವುದಿಲ್ಲ, ತೊರೆಯುವುದಿಲ್ಲ ಎಂಬ ಮಾತು ಇಂಥ ಚೀಟಿಗಳಿಗೆ ಅಚ್ಚುಮೆಚ್ಚು. ಅದೇ ವಚನ ಶುರುವಾಗುವುದು ಹಣದಾಸೆ ಬಿಡಿರಿ, ಇರುವುದರಲ್ಲಿ ತೃಪ್ತರಾಗಿರಿ ಎಂಬ ಆಜ್ಞೆಯಿಂದ. ಆಜ್ಞೆಗೆ ಕಾರಣವಾಗಿಯೇ ವಾಗ್ದಾನ ಬರುತ್ತದೆ: ದೇವರು ಕೈಬಿಡುವುದಿಲ್ಲ, ಆದ್ದರಿಂದ ಹಣಕ್ಕೆ ಜೋತುಬೀಳಬೇಕಾಗಿಲ್ಲ. ತಿಂಗಳ ಕೊನೆಯಲ್ಲಿ ಸುಳ್ಳು ಬಿಲ್ ಬರೆದುಕೊಡು ಎಂದು ಗಿರಾಕಿ ಒತ್ತಾಯಿಸಿದಾಗ, ಅವನು ಕೈತಪ್ಪಿ ಹೋದರೂ ಸರಿ, ಆಗುವುದಿಲ್ಲ ಎನ್ನುವ ಧೈರ್ಯ ಅಂಗಡಿಯವನಿಗೆ ಬರಬೇಕಾದದ್ದು ಈ ನಂಬಿಕೆಯಿಂದಲೇ. ಮೊದಲರ್ಧ ಕತ್ತರಿಸಿದ ಚೀಟಿ ಅವನಿಗೆ ಸಮಾಧಾನ ಕೊಟ್ಟೀತು, ಬಿಲ್ಲಿನ ವಿಷಯ ಮಾತ್ರ ಎತ್ತುವುದೇ ಇಲ್ಲ.

ಪೇತ್ರನ ಎರಡನೇ ಪತ್ರದ ಮೊದಲ ಅಧ್ಯಾಯದಲ್ಲೂ (2 ಪೇತ್ರ 1) ವಾಗ್ದಾನ, ಬಾಳುವ ರೀತಿ ಎರಡೂ ಜೊತೆಗಿವೆ. 4ನೇ ವಚನದಲ್ಲಿ ಅಮೂಲ್ಯವಾದ ವಾಗ್ದಾನಗಳು. 5ರಿಂದ 7ರವರೆಗೆ ನಂಬಿಕೆಗೆ ಕೂಡಿಸಬೇಕಾದ ಏಳು: ಸದ್ಗುಣ, ಜ್ಞಾನ, ದಮೆ (ಆತ್ಮಸಂಯಮ), ತಾಳ್ಮೆ, ಭಕ್ತಿ, ಸಹೋದರ ಸ್ನೇಹ, ಪ್ರೀತಿ. 4ನೇ ವಚನ ಅಡಿಪಾಯ, ಮುಂದಿನದು ಕಟ್ಟಡ. ಅಡಿಪಾಯವಿಲ್ಲದೆ ಏಳನ್ನೂ ಹಲ್ಲುಕಚ್ಚಿ ಸಾಧಿಸಲು ಹೊರಟವರು ಬೇಗ ದಣಿಯುತ್ತಾರೆ. ಅಡಿಪಾಯದ ಮೇಲೇ ಕೂತುಬಿಟ್ಟವರು ಬೆಳೆಯುವುದಿಲ್ಲ.

ಕೊಳ್ಳುವಾಗ ಡಬ್ಬಿಯ ಅಂದಕ್ಕಿಂತ ಚೀಟಿಯನ್ನು ನೋಡಿ. ಪುಸ್ತಕ, ಅಧ್ಯಾಯ, ವಚನ ಮೂರೂ ಅಚ್ಚಾಗಿರಬೇಕು. ‘ಕೀರ್ತನೆಗಳು’ ಎಂದಷ್ಟೇ ಇದ್ದರೆ ಬಿಟ್ಟುಬಿಡಿ, 150ರಲ್ಲಿ ಎಲ್ಲೆಂದು ಹುಡುಕುತ್ತೀರಿ? ಹಿಂಬದಿ ಖಾಲಿ ಇರಲಿ, ಪೆನ್ಸಿಲ್ ಹಿಡಿಯುವ ಕಾಗದವಾಗಿರಲಿ. ಲ್ಯಾಮಿನೇಟ್ ಮಾಡಿದ್ದು ಬಾಳಿಕೆ ಬರುತ್ತದೆ, ಆದರೆ ಬರೆಯಲಾಗದು. ಹೊಳಪಿನ ಕಾಗದ ಕರಾವಳಿ, ಮಲೆನಾಡಿನ ಮಳೆಗಾಲದಲ್ಲಿ ಒಂದಕ್ಕೊಂದು ಅಂಟಿಕೊಳ್ಳುತ್ತದೆ. ಸುರುಳಿ ಚೀಟಿ ಮಕ್ಕಳಿಗೆ ಖುಷಿ, ಬೈಬಲಿನೊಳಗೆ ಮಾತ್ರ ನೆಟ್ಟಗೆ ನಿಲ್ಲುವುದಿಲ್ಲ. ಯಾವ ಅನುವಾದವೆಂದು ಡಬ್ಬಿಯ ಮೇಲಿದ್ದರೆ ಮನೆಯ ಬೈಬಲಿಗೆ ಹೋಲಿಸಿ ಓದಲು ಸುಲಭ.

ಬಳಕೆಗೆ ಬಂದರೆ, ದಿನಕ್ಕೊಂದು ಚೀಟಿ ಎಳೆಯುವುದಕ್ಕಿಂತ ವಾರಕ್ಕೊಂದು ಮೇಲು. ಮೊದಲ ದಿನ ಬೈಬಲ್ ತೆರೆದು ಆ ವಚನದ ಹಿಂದೆ ಹತ್ತು, ಮುಂದೆ ಹತ್ತು ವಚನ ಓದಿ. ಮಾತು ಯಾರಿಗೆ ಹೇಳಿದ್ದು, ಅದಕ್ಕೆ ಷರತ್ತೇನಾದರೂ ಇದೆಯೇ, ಇದನ್ನು ನಿಜವಾಗಿ ನಂಬಿದರೆ ಈ ವಾರ ಯಾವ ಕೆಲಸ ಬೇರೆ ರೀತಿ ಮಾಡಬೇಕು ಎಂದು ಕೇಳಿಕೊಳ್ಳಿ. ಕೊನೆಯ ಉತ್ತರವನ್ನು ಹಿಂಬದಿಯಲ್ಲಿ ಒಂದೇ ಸಾಲಿನಲ್ಲಿ ಬರೆಯಿರಿ. ‘ಒಳ್ಳೆಯವನಾಗಿರುತ್ತೇನೆ’ ಎಂಬಂಥದ್ದು ಉಪಯೋಗಕ್ಕೆ ಬಾರದು. ‘ತಮ್ಮನಿಗೆ ಕೊಡಬೇಕಾದ ದುಡ್ಡು ಶನಿವಾರ ಕೊಡುತ್ತೇನೆ’ ಎಂದು ಬರೆದರೆ ಕೊಟ್ಟೆವೋ ಇಲ್ಲವೋ ಶನಿವಾರ ಗೊತ್ತಾಗುತ್ತದೆ.

ಸುತ್ತಮುತ್ತ ಓದದಿದ್ದರೆ ಎಡವಟ್ಟಾಗುವುದು ಖಂಡಿತ. ನಿಮ್ಮ ವಿಷಯದಲ್ಲಿ ನನಗಿರುವುದು ಹಿತದ ಆಲೋಚನೆಗಳು ಎಂದು ದೇವರು ಹೇಳುವ ಯೆರೆಮೀಯ 29:11ರ ಮಾತು, ಬಾಬೆಲಿಗೆ (ಬ್ಯಾಬಿಲೋನಿಗೆ) ಸೆರೆಹೋಗಿದ್ದ ಯೆಹೂದ್ಯರಿಗೆ ಬರೆದ ಪತ್ರದ್ದು. ಅದರ ಹಿಂದಿನ ವಚನದಲ್ಲೇ 70 ವರ್ಷ ಕಾಯಬೇಕೆಂದಿದೆ. ಈ ವಾರವೇ ಕೆಲಸ ಸಿಗುತ್ತದೆ ಎಂದು ಓದಿಕೊಂಡವರು, ಸಿಗದಿದ್ದಾಗ ದೇವರೇ ಮಾತು ತಪ್ಪಿದನೆಂದು ಕುಗ್ಗುತ್ತಾರೆ. ಸಂತಾನದ ವಾಗ್ದಾನ ಪಡೆದ ಅಬ್ರಹಾಮನಿಗೆ, ದೇವರ ಕರೆ ಹೊಂದಿ ಹೊರಟಾಗ 75 ವರ್ಷ, ಮಗ ಇಸಾಕನು ಹುಟ್ಟಿದಾಗ 100. ನಡುವೆ ಅವಸರಪಟ್ಟು ದಾಸಿ ಹಾಗರಳಿಂದ ಮಗನನ್ನು ಪಡೆದದ್ದರಿಂದ ಮನೆಯಲ್ಲಿ ನೋವೂ ಬಂತು. ಇನ್ನು ಕೀರ್ತನೆ 91ರ ದೂತರ ಕಾವಲಿನ ಮಾತನ್ನು ಸೈತಾನನೇ ಎತ್ತಿ ಹೇಳಿ, ದೇವಾಲಯದ ತುದಿಯಿಂದ ಕೆಳಗೆ ಹಾರು ಎಂದು ಯೇಸುವನ್ನು ಕೆಣಕಿದ್ದು ಮತ್ತಾಯ 4ರಲ್ಲಿದೆ. ಯೇಸು ಆ ವಾಗ್ದಾನವನ್ನು ಅಲ್ಲಗಳೆಯಲಿಲ್ಲ. ನಿನ್ನ ದೇವರನ್ನು ಪರೀಕ್ಷಿಸಬೇಡ ಎಂಬ ಧರ್ಮೋಪದೇಶಕಾಂಡವೆಂಬ ಪುಸ್ತಕದ ಇನ್ನೊಂದು ವಚನವನ್ನು ಅದರ ಜೊತೆಗಿಟ್ಟ. ಹಾರಲೂ ಇಲ್ಲ.

ಮದುವೆ, ಸಾಲ, ಆಪರೇಷನ್ ಮುಂತಾದ ತೀರ್ಮಾನಗಳಿಗೆ ಚೀಟಿ ಎಳೆಯಲೇಬೇಡಿ. ಇಷ್ಟವಾಗುವುದು ಬರುವ ತನಕ ಮತ್ತೆ ಮತ್ತೆ ಎಳೆಯುವುದು ಶಕುನ ನೋಡಿದಂತೆ, ಅದರಲ್ಲಿ ನಂಬಿಕೆಯಿಲ್ಲ.

ಜರ್ಮನಿಯ ಹೆರ್ನ್‌ಹುಟ್ ಸಭೆಯ ದಿನವಚನ ಪುಸ್ತಕ ಈ ದೃಷ್ಟಿಯಲ್ಲಿ ಪೆಟ್ಟಿಗೆಗಿಂತ ಗಟ್ಟಿ. 1728ರಲ್ಲಿ ಶುರುವಾದ ಆ ಪದ್ಧತಿ 1731ರಿಂದ ಪುಸ್ತಕವಾಗಿ ಅಚ್ಚಾಗುತ್ತಿದೆ. ಬೈಬಲಿನ ಮೊದಲ ಭಾಗವಾದ ಹಳೇ ಒಡಂಬಡಿಕೆಯ ವಚನವನ್ನು ಚೀಟಿ ಎತ್ತಿಯೇ ಆರಿಸುತ್ತಾರೆ, ಆದರೆ ಅದಕ್ಕೆ ಹೊಂದುವ ಹೊಸ ಒಡಂಬಡಿಕೆಯ ವಚನವನ್ನು ಜೊತೆಗೆ ಕೊಡುತ್ತಾರೆ. ಎಲ್ಲರಿಗೂ ಅಂದು ಅದೇ ವಚನ, ಆದ್ದರಿಂದ ಬೇಕಾದ್ದನ್ನು ಆರಿಸಿಕೊಳ್ಳುವ ಆಸೆಗೆ ಜಾಗವಿಲ್ಲ.

ಚಿಕ್ಕ ಮಕ್ಕಳಿರುವ ಮನೆಗೂ, ದಪ್ಪಕ್ಷರವಿದ್ದರೆ ವಯಸ್ಸಾದವರಿಗೂ ಪೆಟ್ಟಿಗೆ ಒಳ್ಳೆಯದು. ಯುವಕರಿಗೆ ಕೊಡುವುದಾದರೆ ಅಡ್ಡ ಉಲ್ಲೇಖಗಳಿರುವ (ಒಂದು ವಚನಕ್ಕೆ ಸಂಬಂಧಿಸಿದ ಬೇರೆ ವಚನಗಳನ್ನು ಸೂಚಿಸುವ) ಕನ್ನಡ ಬೈಬಲ್, ಜೊತೆಗೊಂದು ಗೆರೆಯಿರುವ ನೋಟ್‌ಬುಕ್ ಕೊಡಿ. ಈಗಾಗಲೇ ಮನೆಯಲ್ಲಿ ಪೆಟ್ಟಿಗೆ ಇದ್ದರೆ, ಇಬ್ರಿಯ 13:5ರ ಚೀಟಿ ಹುಡುಕಿ ಬಿಟ್ಟುಹೋದ ಮೊದಲರ್ಧವನ್ನು ಅದರ ಹಿಂದೆ ಕೈಯಾರೆ ಬರೆದಿಡಿ.