ಕಾಗದದಲ್ಲಿ ಗ್ಲೂಕೋಸ್ ಪತ್ತೆ: ಮೇಣವೋ, ಇಂಗಾಲದ ಶಾಯಿಯೋ?

ಮಂಗಳೂರಿನ ಕಾಲೇಜಿನಲ್ಲಿ ಕಾಗದದ ಪಟ್ಟಿಯಿಂದ ಗ್ಲೂಕೋಸ್ ಪತ್ತೆಹಚ್ಚುವ ಪ್ರಾಜೆಕ್ಟ್ ಹಿಡಿದವರು ಮೊದಲು ಮೇಣವನ್ನೇ ಆರಿಸಿಕೊಳ್ಳಿ. ಸೋಸುಕಾಗದದ ಮೇಲೆ ಮೇಣದ ಗೆರೆ ಮುದ್ರಿಸಿ ಬಿಸಿ ಮಾಡಿದರೆ ಅದು ಕರಗಿ ಆಳಕ್ಕಿಳಿದು ಗೋಡೆಯಾಗುತ್ತದೆ. ಪರೀಕ್ಷಿಸುವ ದ್ರವದ ಹನಿ ತಾನಾಗಿ ಗೋಡೆಗಳ ನಡುವೆ ಹರಿಯುತ್ತದೆ. ಗ್ಲೂಕೋಸ್ ಆಕ್ಸಿಡೇಸ್, ಪೆರಾಕ್ಸಿಡೇಸ್ ಎಂಬ ಕಿಣ್ವಗಳನ್ನೂ ಪೊಟ್ಯಾಸಿಯಂ ಅಯೊಡೈಡನ್ನೂ ಹಚ್ಚಿದ ತುದಿ, ಗ್ಲೂಕೋಸ್ ಇದ್ದರೆ ಕಂದು ಬಣ್ಣಕ್ಕೆ ತಿರುಗುವುದನ್ನು ಕಣ್ಣಾರೆ ನೋಡುವ ಸಂತೋಷವೇ ಬೇರೆ. 2007ರಲ್ಲಿ ಹಾರ್ವರ್ಡ್‌ನ ರಸಾಯನವಿಜ್ಞಾನಿ ಜಾರ್ಜ್ ವೈಟ್‌ಸೈಡ್ಸ್ ತಂಡ ತೋರಿಸಿದ್ದೂ ಬಣ್ಣದ ದಾರಿಯನ್ನೇ.

ಆದರೆ ಬಣ್ಣ ಕೊಡುವುದು ಅಂದಾಜು. ಟ್ಯೂಬ್‌ಲೈಟಿನಡಿ ಒಂದು ಛಾಯೆ, ಕಿಟಕಿಯ ಬಳಿ ಇನ್ನೊಂದು. ನಿಖರ ಅಂಕಿ ಬೇಕೆಂದರೆ, ಮದುವೆ ಕಾಗದ ಅಚ್ಚು ಹಾಕುವ ಸ್ಕ್ರೀನ್ ಪ್ರಿಂಟಿಂಗ್ ವಿಧಾನದಲ್ಲೇ ಇಂಗಾಲದ ಶಾಯಿಯಿಂದ ವಿದ್ಯುದ್ವಾರ (ಎಲೆಕ್ಟ್ರೋಡ್) ಮುದ್ರಿಸಿ, ಗ್ಲೂಕೋಸ್‌ನ ಕ್ರಿಯೆಯಿಂದ ಹರಿಯುವ ಕರೆಂಟ್ ಅಳೆಯಿರಿ. ಉಪಕರಣದ ಖರ್ಚು ಹೆಚ್ಚು.

ಯಾವುದಾದರೂ ಸರಿ, ಆಟಿ ತಿಂಗಳ ಮಳೆಯಲ್ಲಿ ಪಟ್ಟಿಗಳನ್ನು ಮೇಜಿನ ಮೇಲೆ ಬಿಡಬೇಡಿ. ತೇವ ಹೀರಿದರೆ ಕಿಣ್ವ ಸೊರಗುತ್ತದೆ. ಸಿಲಿಕಾ ಜೆಲ್ ಹಾಕಿದ ಡಬ್ಬಿಯಲ್ಲಿ ಬಿಗಿಯಾಗಿ ಮುಚ್ಚಿಡಿ.